ದುಡ್ಡು ಬಂತಲ್ಲ, ಇನ್ನೇನು?

ಅಮೆರಿಕದ ಹವಾಯಿ ರಾಜ್ಯದ ಲಹೈನಾ ಊರಿನ ಬೆಂಕಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಕುಂದಾಪುರದ ಓದುಗರೊಬ್ಬರು ಖಾರವಾಗಿಯೇ ಬರೆದಿದ್ದಾರೆ. ಪತ್ರದ ಸಾರ ಇಷ್ಟು: "ಅದು ಅಪಘಾತ ಎಂದು ತನಿಖಾ ವರದಿಯೇ ಹೇಳಿದೆ. ನಾನೂರು ಕೋಟಿ ಡಾಲರ್ ಪರಿಹಾರವೂ ಆಯಿತು. ಸುಟ್ಟ ಆಲದ ಮರ ಚಿಗುರಿದ ಫೋಟೋವನ್ನು ನೀವೇ ಹಾಕಿದ್ದೀರಿ. ಇಲ್ಲಿ ದೋಣಿ ಸುಟ್ಟುಹೋದವನು ಕಚೇರಿ ಅಲೆದು ಚಪ್ಪಲಿ ಸವೆಸಿದರೂ ಬಿಡಿಗಾಸು ಹುಟ್ಟುವುದಿಲ್ಲ. ಅವರಿಗೆ ಇನ್ನೂ ಯಾವ ನ್ಯಾಯ ಬೇಕಂತೆ?"

ಸಂಪಾದಕರ ಉತ್ತರ:

ದೋಣಿಯವರ ಗೋಳು ಹೇಳಿದಿರಿ, ಅದನ್ನೂ ಬರೆಯುತ್ತೇವೆ. ಅರ್ಜಿಯ ನಕಲು, ಸ್ವೀಕೃತಿ ಚೀಟಿ ಏನಿದ್ದರೂ ಕಳಿಸಿಕೊಡಿ. ಆದರೆ ನಮ್ಮವರಿಗೆ ಸಿಗಲಿಲ್ಲ ಎಂದು ಇನ್ನೊಬ್ಬರಿಗೆ ಸಿಕ್ಕಿದ್ದೇ ಹೆಚ್ಚಾಯಿತು ಅನ್ನುವ ಲೆಕ್ಕ ನನಗೆ ಹಿಡಿಸುವುದಿಲ್ಲ.

ಮೊದಲು ಆ ವರದಿಯ ಮಾತು. 2023ರ ಆಗಸ್ಟ್ 8ರಂದು ಬೆಳಗ್ಗೆ ಆರೂವರೆ ಹೊತ್ತಿಗೆ, ಬಿರುಗಾಳಿಗೆ ತುಂಡಾಗಿದ್ದ ತಂತಿಯಲ್ಲಿ ಮತ್ತೆ ಕರೆಂಟು ಹರಿದು ಒಣಹುಲ್ಲು ಹತ್ತಿಕೊಂಡಿತು. ಅಗ್ನಿಶಾಮಕದವರು ಆರಿಸಿದರು, ಗಂಟೆಗಟ್ಟಲೆ ಕಾವಲು ನಿಂತರು, ಮಧ್ಯಾಹ್ನ ಹೊರಟರು. ಗಡಿಯಾರ ಮೂರು ಹೊಡೆಯುವ ಮೊದಲೇ ಅಲ್ಲಿಯೇ ಮತ್ತೆ ಹೊಗೆ. "ಬೆಳಗಿನದು ನಮ್ಮ ತಂತಿಯಿಂದ ಆದದ್ದು ನಿಜ, ಮಧ್ಯಾಹ್ನದ್ದಕ್ಕೂ ನಮಗೂ ಸಂಬಂಧವಿಲ್ಲ" ಎಂಬುದು ಹವಾಯಿಯನ್ ಎಲೆಕ್ಟ್ರಿಕ್ ಕಂಪನಿಯ ಅಂದಿನ ವಾದ. ಎರಡೂ ಒಂದೇ ಬೆಂಕಿ, ಬೂದಿಯೊಳಗೆ ಉಳಿದ ಕಿಡಿಯನ್ನೇ ಗಾಳಿ ಎಬ್ಬಿಸಿತು ಎಂದು 2024ರ ಅಕ್ಟೋಬರ್‌ನಲ್ಲಿ ಬಂದ ವರದಿ ಹೇಳಿತು. ಬೇಕೆಂದು ಯಾರೂ ಹಚ್ಚಿಲ್ಲ ಎಂದೂ ಹೇಳಿತು. ಅಷ್ಟಕ್ಕೆ ಹೊಣೆ ಹಾರಿಹೋಗುತ್ತದೆಯೇ? 1999ರಲ್ಲಿ ಸಕ್ಕರೆ ಕಾರ್ಖಾನೆ ಮುಚ್ಚಿದ ಮೇಲೆ ಕಬ್ಬಿನ ಗದ್ದೆಗಳನ್ನು ಪಾಳು ಬಿಟ್ಟು, ಊರಿನ ಬೆನ್ನಿಗೇ ಗಿನಿ ಹುಲ್ಲು ಆಳೆತ್ತರ ಬೆಳೆಯಲು ಬಿಟ್ಟವರು ಯಾರು? ಲಹೈನಾ ಇರುವ ಮಾವಿ ದ್ವೀಪದಲ್ಲಿ ಎಂಬತ್ತು ಸೈರನ್‌ಗಳಿದ್ದವು, ಒಂದೂ ಕೂಗಲಿಲ್ಲ. ಅದು ಸುನಾಮಿಯ ಸೈರನ್, ಕೂಗಿಸಿದರೆ ಜನ ಗುಡ್ಡದ ಕಡೆಗೆ, ಅಂದರೆ ಬೆಂಕಿಯ ಬಾಯಿಗೇ ಓಡುತ್ತಿದ್ದರು ಎಂದು ವಿಪತ್ತು ಇಲಾಖೆಯ ಮುಖ್ಯಸ್ಥರು ಸಮರ್ಥಿಸಿಕೊಂಡು, ಮರುದಿನವೇ ರಾಜೀನಾಮೆ ಕೊಟ್ಟರು. ಕಡಲಂಚಿನ ಫ್ರಂಟ್ ಸ್ಟ್ರೀಟಿನಲ್ಲಿ ಕಾರುಗಳು ಅಲುಗಾಡದೆ ನಿಂತಿದ್ದಾಗ ಜನ ತಡೆಗೋಡೆ ಹಾರಿ ಕಡಲಿಗಿಳಿದು, ಬಂಡೆ ಹಿಡಿದುಕೊಂಡು ಗಂಟೆಗಟ್ಟಲೆ ನೀರಿನಲ್ಲಿದ್ದರು. ಸತ್ತವರು 102 ಮಂದಿ, ಹೆಚ್ಚಿನವರು ಅರವತ್ತು ದಾಟಿದವರು.

ಈ ಪ್ರಶ್ನೆಗಳನ್ನೆಲ್ಲ ಕಟಕಟೆಯಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳುವ ದಿನ ಬರುತ್ತದೆ ಎಂದು ಬಹಳ ಮಂದಿ ಕಾದಿದ್ದರು. 2024ರ ಆಗಸ್ಟ್‌ನಲ್ಲಿ ರಾಜಿಯಾಯಿತು. 403.7 ಕೋಟಿ ಡಾಲರ್, ಅದರಲ್ಲಿ ಸುಮಾರು 199 ಕೋಟಿ ವಿದ್ಯುತ್ ಕಂಪನಿಯ ಪಾಲು, ಉಳಿದದ್ದು ರಾಜ್ಯ, ಕೌಂಟಿ (ಅಲ್ಲಿಯ ಜಿಲ್ಲಾಡಳಿತ), ಭೂಮಾಲೀಕರು, ಟೆಲಿಫೋನ್ ಕಂಪನಿಗಳದು. ಕಂಪನಿ ತಪ್ಪೊಪ್ಪಿಕೊಳ್ಳಲಿಲ್ಲ, ರಾಜಿಯ ಷರತ್ತೇ ಹಾಗಿತ್ತು. ದುಡ್ಡು ಬರುವುದೂ ಕಂತುಗಳಲ್ಲಿ. ಅಷ್ಟರಲ್ಲಿ ವಿಮಾ ಕಂಪನಿಗಳು ತಾವು ಕೊಟ್ಟ ವಿಮೆಯ ಹಣ ವಸೂಲಿಗೆ ಬೇರೆ ದಾವೆ ಹೂಡಲು ಹೊರಟವು. ಅದಕ್ಕೆ ಅವಕಾಶವಿಲ್ಲ ಎಂದು ಹವಾಯಿಯ ಸುಪ್ರೀಂ ಕೋರ್ಟ್ ಹೇಳುವಾಗ 2025ರ ಫೆಬ್ರುವರಿ. ಸತ್ತವರ ಕುಟುಂಬಗಳಿಗೆ ಬೇರೆ ನಿಧಿಯಿಂದ ತಲಾ 15 ಲಕ್ಷ ಡಾಲರ್ ಇಟ್ಟಿದ್ದರು, ಆದರೆ ಅದನ್ನು ಮುಟ್ಟಿದವರು ಕೋರ್ಟಿನ ದಾರಿ ಬಿಟ್ಟುಕೊಡಬೇಕು. ತಂದೆಯನ್ನೋ ಮಗುವನ್ನೋ ಕಳೆದುಕೊಂಡವರು ಆ ಕಾಗದಕ್ಕೆ ರುಜು ಹಾಕುವ ಹೊತ್ತನ್ನು ಊಹಿಸಿಕೊಳ್ಳಿ.

ನಾನೂರು ಕೋಟಿ ನಮಗೆ ಆಕಾಶ. ಹಂಚಿಕೊಳ್ಳುವವರು ಸಾವಿರಾರು, ಸುಟ್ಟ ಕಟ್ಟಡಗಳೇ 2,200ಕ್ಕೂ ಹೆಚ್ಚು. ಮಾವಿ ದ್ವೀಪದಲ್ಲಿ ಒಂದು ಸಾಧಾರಣ ಮನೆಯ ಬೆಲೆಯೇ 10 ಲಕ್ಷ ಡಾಲರ್ ದಾಟುತ್ತದೆ. ಅದಕ್ಕಿಂತ ಮುಖ್ಯ, ಲಹೈನಾದಲ್ಲಿ ದೊಡ್ಡ ಸಂಖ್ಯೆಯ ಜನ ಬಾಡಿಗೆದಾರರು. ಹೋಟೆಲ್ಲಿನಲ್ಲಿ ಹಾಸಿಗೆ ಬದಲಾಯಿಸುವವರು, ಅಡುಗೆಯವರು, ಒಂದೇ ಸೂರಿನಡಿ ಮೂರು ತಲೆಮಾರು ಬಾಳುವ ಫಿಲಿಪಿನೋ ಕುಟುಂಬಗಳು. ಅವರಿಗೆ ಕಟ್ಟಿಕೊಳ್ಳಲು ನಿವೇಶನವೇ ಇಲ್ಲ. ಬೆಂಕಿಯ ನಂತರ ಬಾಡಿಗೆ ಏರಿತು. ಅದೇ ಕರಾವಳಿಯಲ್ಲಿ ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡುವ ಸಾವಿರಾರು ಫ್ಲ್ಯಾಟುಗಳಿದ್ದವು.

ಹೋರಾಟಗಾರರು ಆಗ ಮಾಡಿದ ಒಂದು ಉಪಾಯ ನನಗೆ ಬಹಳ ಇಷ್ಟವಾಯಿತು. ಕಡಲತೀರದಲ್ಲಿ ಡೇರೆ ಹಾಕಿ ಉಳಿಯುವಂತಿಲ್ಲ, ಆದರೆ ಮೀನು ಹಿಡಿಯುವ ಹಕ್ಕು ಎಲ್ಲರಿಗೂ ಇದೆ. 2023ರ ನವೆಂಬರ್‌ನಲ್ಲಿ 'ಲಹೈನಾ ಸ್ಟ್ರಾಂಗ್' ಗುಂಪಿನವರು ಪಕ್ಕದ ಕಾನಪಲಿ ಕಡಲತೀರದ ರೆಸಾರ್ಟುಗಳ ಮುಂದೆ ಮರಳಿನಲ್ಲಿ ಗಾಳದ ಕೋಲು ನೆಟ್ಟು ಹಗಲೂ ರಾತ್ರಿ ಕೂತರು, ತಿಂಗಳುಗಟ್ಟಲೆ. ಮನೆ ಕೊಡಿ ಎಂಬುದೇ ಬೇಡಿಕೆ. ಎಬ್ಬಿಸಲು ಬಂದವರಿಗೆ ಹೇಳಲು ಉತ್ತರ ಸಿದ್ಧ: ಮೀನು ಹಿಡಿಯುತ್ತಿದ್ದೇವೆ. ಗಾಳದವರ ಕಷ್ಟ ಕುಂದಾಪುರದ ನಿಮಗೆ ನಾನು ಹೇಳಬೇಕೆ! 2024ರ ಮೇ ತಿಂಗಳಲ್ಲಿ ಮೇಯರ್ ಅಂಥ ಪ್ರವಾಸಿ ಫ್ಲ್ಯಾಟುಗಳನ್ನು ಊರಿನವರ ವಾಸಕ್ಕೆ ತಿರುಗಿಸುವ ಪ್ರಸ್ತಾಪ ಮುಂದಿಟ್ಟದ್ದು ಈ ಒತ್ತಡದಿಂದಲೇ ಎಂದು ನಾನು ನಂಬಿದ್ದೇನೆ. ಮಾಲೀಕರು ಸುಮ್ಮನಿರಲಿಲ್ಲ, ಅದು ಬೇರೆ ಮಾತು.

ಇನ್ನು ಆಲದ ಮರ. ಅದು ನಮ್ಮ ದೇಶದಿಂದಲೇ ಹೋದ ಸಸಿ. ಅಮೆರಿಕದ ಮಿಷನರಿಗಳು ಲಹೈನಾಕ್ಕೆ ಬಂದು ಐವತ್ತು ವರ್ಷವಾದ ನೆನಪಿಗೆ 1873ರಲ್ಲಿ ನೆಟ್ಟದ್ದು. ಕರಕಲಾದ ಮರಕ್ಕೆ ಸ್ವಯಂಸೇವಕರು ಟ್ಯಾಂಕರಿನಲ್ಲಿ ನೀರು ತಂದು, ಗೊಬ್ಬರ ಹಾಕಿ ಆರೈಕೆ ಮಾಡಿದರು, ಕೆಲವೇ ವಾರದಲ್ಲಿ ಎಲೆ ಬಂತು. ಫೋಟೋ ಚೆನ್ನಾಗಿತ್ತು, ಹಾಕಿದೆವು. ಆದರೆ ಲಹೈನಾದ ಮೂಲನಿವಾಸಿಗಳನ್ನು ಕೇಳಿದರೆ ಅವರು ಆ ಮರಕ್ಕಿಂತ ಮುಂಚಿನದನ್ನು ಹೇಳುತ್ತಾರೆ: ಜೀಗುಜ್ಜೆ ಮರಗಳ ತೋಪು, ಮೊಕುಹಿನಿಯಾ ಎಂಬ ಕೆರೆ, ಅದರ ನಡುವಿನ ದ್ವೀಪದಲ್ಲಿ ಮೂರನೇ ಕಾಮೆಹಾಮೆಹಾ ರಾಜನ ವಾಸ. ಕಬ್ಬಿನ ಕಂಪನಿಗಳು ಗುಡ್ಡದ ತೊರೆಗಳನ್ನು ತಿರುಗಿಸಿಕೊಂಡವು. ಕೆರೆಗೆ 1914ರಲ್ಲಿ ಮಣ್ಣು ತುಂಬಿ ಬೇಸ್‌ಬಾಲ್ ಮೈದಾನ ಮಾಡಿದರು. ನೀರಿದ್ದ ಊರು ಒಣಗಿದ್ದಕ್ಕೇ ಹೀಗೆ ಉರಿಯಿತು ಎಂಬುದು ಅವರ ಮಾತು, ಅದನ್ನು ತಳ್ಳಿಹಾಕಲು ನನಗೆ ಕಾರಣ ಕಾಣುವುದಿಲ್ಲ. ತೊರೆಯ ನೀರು ತೊರೆಗೆ ಬಿಡಿ ಎಂದು ಕೇಳುವುದನ್ನು ಯಾವ ಚೆಕ್ಕಿನಲ್ಲಿ ಬರೆದುಕೊಡುತ್ತೀರಿ?

ನಿವೇಶನ ಇದ್ದವರ ಕಷ್ಟ ಇನ್ನೊಂದು ಬಗೆಯದು. ಸಾಲ, ಪರವಾನಗಿ, ಏರಿದ ಕಟ್ಟಡ ವೆಚ್ಚ ತಾಳಲಾರದೆ ಮಾರುವವರಿದ್ದಾರೆ. ಕೊಳ್ಳಲು ಹೊರಗಿನ ದುಡ್ಡು ಕಾದು ಕೂತಿದೆ. ಅಂಥ ನಿವೇಶನಗಳನ್ನು ತಾನೇ ಕೊಂಡು ಊರಿನವರ ಕೈಯಲ್ಲೇ ಉಳಿಸಲು ಸ್ಥಳೀಯರು ಲಹೈನಾ ಸಮುದಾಯ ಭೂ ಟ್ರಸ್ಟ್ ಕಟ್ಟಿಕೊಂಡಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಅದರ ಕೆಲಸದ ಬಗ್ಗೆ ಎರಡು ಪುಟ ಇರುತ್ತದೆ. ಅದಕ್ಕೂ ಬೈದು ಬರೆಯಿರಿ, ಪ್ರಕಟಿಸುತ್ತೇವೆ.

— ಸಂ.