ನಾಲ್ಕು ವರ್ಷದ ಮಗುವಿಗೆ ರೋಗಾಣು, ಕೈ ತೊಳೆಯೋದು ಇದನ್ನೆಲ್ಲ ಹೇಗೆ ಹೇಳಿಕೊಡೋದು?

ಕೈ ತೊಳಿ ಅಂದರೆ ಮಗ ಎರಡೂ ಅಂಗೈ ತೋರಿಸಿ "ಕ್ಲೀನಾಗೇ ಇದೆ ನೋಡು" ಅನ್ನುತ್ತಾನೆ, ಏನು ಹೇಳಲಿ ಅಂತ ಕೇಳಿದ್ದೀರಿ. ಅವನ ವಾದದಲ್ಲಿ ತಪ್ಪೇನಿಲ್ಲ ಬಿಡಿ. ಆ ವಯಸ್ಸಿಗೆ ಕಣ್ಣಿಗೆ ಕಂಡಿದ್ದೇ ನಿಜ. ನಾನು ಅಂಗನವಾಡಿಯಲ್ಲಿ ಮೂರರಿಂದ ಆರು ವರ್ಷದ ಮಕ್ಕಳ ಜೊತೆ ಇರುವವಳು. ಬ್ಯಾಕ್ಟೀರಿಯಾ, ವೈರಸ್ ಅಂತ ಚಾರ್ಟ್ ಹಿಡಿದು ಪಾಠ ಮಾಡಿದರೆ ಮಕ್ಕಳಿಗೆ ನೆನಪಿರುವುದು ಚಿತ್ರದಲ್ಲಿದ್ದ ಕೋರೆಹಲ್ಲು ಮಾತ್ರ.

ಕಾಣದ್ದನ್ನು ಕಾಣಿಸಬೇಕು ಅಂದರೆ ಅರಿಶಿನ ತೆಗೆದುಕೊಳ್ಳಿ. ಮಗನ ಅಂಗೈಗೆ ಎರಡು ಹನಿ ಕೊಬ್ಬರಿ ಎಣ್ಣೆ, ಒಂದು ಚಿಟಿಕೆ ಅರಿಶಿನ ಹಾಕಿ ಚೆನ್ನಾಗಿ ಉಜ್ಜಿಕೊಳ್ಳಲಿ. (ಹಳೇ ಬಟ್ಟೆ ಹಾಕಿರಿ, ಕಲೆ ಹೋಗಲ್ಲ.) ಆಮೇಲೆ ಬಿಳಿ ಹಾಳೆ ಮುಟ್ಟಲಿ, ಸ್ಟೀಲ್ ಲೋಟ ಹಿಡಿಯಲಿ, ನಿಮ್ಮ ಕೈ ಹಿಡಿದುಕೊಳ್ಳಲಿ. ಎಲ್ಲೆಲ್ಲಿ ಹಳದಿ ಅಂಟಿದೆ ಅಂತ ಅವನೇ ಹುಡುಕಲಿ. "ರೋಗಾಣುನೂ ಹೀಗೇ ಅಂಟತ್ತೆ, ಅದಕ್ಕೆ ಬಣ್ಣ ಇಲ್ಲ ಅಷ್ಟೇ" ಅಂದರೆ ಸಾಕು. ಈಗ ಬರೀ ನೀರಲ್ಲಿ ತೊಳೆಯಲಿ. ಎಣ್ಣೆ ಜಿಡ್ಡು ಬಿಡುವುದಿಲ್ಲ. ಸೋಪು ಹಚ್ಚಿದ ಕೂಡಲೇ ಅರಿಶಿನ ಕೆಂಪಾಗುತ್ತದೆ, ಸೋಪಿನ ಕ್ಷಾರಕ್ಕೆ. ಮಕ್ಕಳು ಅದಕ್ಕೇ ಕುಣಿದಾಡಿಬಿಡುತ್ತಾರೆ. ಅಂಗೈ ಬೇಗ ತಿಳಿಯಾಗುತ್ತದೆ. ಬೆರಳ ಸಂದಿ, ಹೆಬ್ಬೆರಳ ಬುಡ, ಉಗುರಿನ ಅಂಚಲ್ಲಿ ಬಣ್ಣ ಉಳಿದುಕೊಳ್ಳುತ್ತದೆ. ನಾವು ದಿನಾ ಕೈ ತೊಳೆಯುವಾಗ ಬಿಟ್ಟುಬಿಡುವ ಜಾಗಗಳೂ ಅವೇ.

ನೀರಿನ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ಸೋಪು ಹಚ್ಚಿದ ಬೆರಳು ಅದ್ದಿದರೆ ಪುಡಿ ದೂರ ಓಡುವ ವಿಡಿಯೋ ನೀವೂ ನೋಡಿರಬಹುದು. ನೋಡಲು ಚೆನ್ನಾಗಿದೆ, ಆದರೆ ನನಗೆ ಅದು ಇಷ್ಟವಿಲ್ಲ. ಸೋಪು ನೀರಿನ ಮೇಲ್ಮೈ ಬಿಗಿತ ಕಮ್ಮಿ ಮಾಡುವುದರಿಂದ ಪುಡಿ ಸರಿಯುತ್ತದೆ. ರೋಗಾಣು ಸೋಪಿಗೆ ಹೆದರಿ ಓಡುವುದಿಲ್ಲ, ಉಜ್ಜಿ ತೆಗೆಯಬೇಕು. ಸೋಪು ಮುಟ್ಟಿದರೆ ಸಾಕು ಅಂತ ಮಗು ಕಲಿತರೆ ಆಯ್ತಲ್ಲ ಕಥೆ!

"ತೊಳೀದಿದ್ರೆ ಹುಳ ಹೊಟ್ಟೆ ತಿಂದುಬಿಡತ್ತೆ" ಅಂತ ಹೆದರಿಸಲೂಬೇಡಿ. ಕೆಲವು ಮಕ್ಕಳು ಮಣ್ಣು ಮುಟ್ಟುವುದನ್ನೇ ಬಿಟ್ಟುಬಿಡುತ್ತಾರೆ. ಅದರ ಬದಲು ರಾತ್ರಿ ಹಾಲಿಗೆ ಹೆಪ್ಪು ಹಾಕುವಾಗ ಅವನ ಕೈಯಲ್ಲೇ ಹಾಕಿಸಿ. ಬೆಳಗ್ಗೆ ಮೊಸರು ತೋರಿಸಿ. ಅರ್ಧ ಚಮಚದಲ್ಲಿದ್ದ ಪುಟಾಣಿ ಜೀವಿಗಳು ರಾತ್ರಿಯೆಲ್ಲ ಹೆಚ್ಚಾಗಿ ಇಡೀ ಪಾತ್ರೆ ಹಾಲನ್ನು ಮೊಸರು ಮಾಡಿವೆ ಅಂತ ಹೇಳಿ. ಕಾಣದಿದ್ದರೂ ಇವೆ, ಬೆಳೆಯುತ್ತವೆ, ಅವುಗಳಲ್ಲಿ ಒಳ್ಳೆಯವೂ ಇವೆ. ಇಷ್ಟು ತಿಳಿದರೆ ಈ ವಯಸ್ಸಿಗೆ ಧಾರಾಳವಾಯಿತು.

ಇನ್ನು ಅಭ್ಯಾಸ. ಇದು ತಿಳಿವಳಿಕೆಗಿಂತ ಜಾಸ್ತಿ ಅನುಕೂಲದ ವಿಷಯ. ನಲ್ಲಿ ಎಟುಕದಿದ್ದರೆ ಮಗು ತೊಳೆಯುವುದಿಲ್ಲ, ಒಂದು ಗಟ್ಟಿ ಸ್ಟೂಲ್ ಇಡಿ. ಇಡೀ ಸೋಪು ಪುಟ್ಟ ಕೈಯಿಂದ ಜಾರುತ್ತದೆ. ತುಂಡು ಮಾಡಿ, ಬೆಳ್ಳುಳ್ಳಿ ಬರುವ ಬಲೆ ಚೀಲಕ್ಕೆ ಹಾಕಿ ನಲ್ಲಿಗೆ ಕಟ್ಟಿ. ಬಕೆಟ್‌ನಲ್ಲಿ ಕೈ ಅದ್ದಿ ತೊಳೆಯುವುದು ಬೇಡ, ಮಗ್‌ನಿಂದ ನೀವು ನೀರು ಹಾಕಿ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಬೇಕು. ಆದರೆ ಇಪ್ಪತ್ತರವರೆಗೆ ಎಣಿಸು ಅಂದರೆ ರೈಲು ಬಿಟ್ಟ ಹಾಗೆ ಎಣಿಸಿಬಿಡುತ್ತಾರೆ, ಗೊತ್ತಲ್ಲ. ಅವನಿಗೆ ಬರುವ ಯಾವುದಾದರೂ ಶಿಶುಗೀತೆ ಹೇಳಿಸಿ. ಉಜ್ಜುವಾಗ ನಲ್ಲಿ ನಿಲ್ಲಿಸಿರಲಿ. ಒರೆಸಲು ಒಣಗಿದ ಬಟ್ಟೆ ಇರಲಿ, ಒದ್ದೆ ಕೈಗೆ ಕೊಳೆ ಬೇಗ ಅಂಟುತ್ತದೆ.

ಒಂದು ಮಾತು ನಿಮಗೇ ಹೇಳಬೇಕು, ಬೇಜಾರು ಮಾಡ್ಕೋಬೇಡಿ. ನಮ್ಮ ಮನೆಗಳಲ್ಲಿ ಊಟ ಆದಮೇಲೆ ಸಾರಿನ ವಾಸನೆ ಹೋಗಲಿ ಅಂತ ಸೋಪು ಹಾಕಿ ತೊಳೆಯುತ್ತೇವೆ. ಊಟಕ್ಕೆ ಮುಂಚೆ ಸುಮ್ನೆ ನೀರು ಮುಟ್ಟಿಸಿಕೊಂಡು ಬರುತ್ತೇವೆ. ಕೈಯಲ್ಲಿ ಕಲಸಿ ಉಣ್ಣುವ ನಮಗೆ ಸೋಪು ಬೇಕಾಗಿರುವುದು ಮೊದಲೇ ಅಲ್ವಾ? ಮಗು ನೋಡುವುದು ಇದನ್ನೇ. ತಟ್ಟೆ ಹಾಕುವ ಮುಂಚೆ ಅವನನ್ನೂ ಕರೆದುಕೊಂಡು ಹೋಗಿ ಜೊತೆಗೇ ತೊಳೆಯಿರಿ. ಶುರುವಿಗೆ ಊಟಕ್ಕೆ ಮುಂಚೆ, ಕಕ್ಕಸಿಗೆ ಹೋಗಿ ಬಂದಮೇಲೆ, ಈ ಎರಡೇ ಹೊತ್ತು ಬಿಡದೆ ಹಿಡಿಯಿರಿ. ಉಳಿದದ್ದು ಆಮೇಲೆ ನೋಡಿಕೊಳ್ಳೋಣ.

ಸ್ಯಾನಿಟೈಸರ್ ಪ್ರಯಾಣಕ್ಕೆ ಇರಲಿ. ಮಣ್ಣಾದ ಕೈಗೆ ಅದು ಪ್ರಯೋಜನವಿಲ್ಲ, ಜಂತುಹುಳದ ಮೊಟ್ಟೆಗಂತೂ ಏನೂ ಆಗುವುದಿಲ್ಲ. ಆ ಮೊಟ್ಟೆಗಳು ಉಗುರಿನ ಸಂದಿಯಲ್ಲಿ ಕೂತು ಬಾಯಿಗೆ ಹೋಗುತ್ತವೆ, ಆದ್ದರಿಂದ ವಾರಕ್ಕೊಮ್ಮೆ ಉಗುರು ಕತ್ತರಿಸಿ. ವರ್ಷಕ್ಕೆ ಎರಡು ಸಲ, ಸಾಮಾನ್ಯವಾಗಿ ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ, ಅಂಗನವಾಡಿ, ಶಾಲೆಗಳಲ್ಲಿ ಜಂತುಹುಳದ ಮಾತ್ರೆ ಕೊಡುತ್ತಾರೆ. ತಪ್ಪಿಸಬೇಡಿ. ಮಾತ್ರೆ ಹೊಟ್ಟೆಯಲ್ಲಿರುವ ಹುಳ ಕೊಲ್ಲುತ್ತದೆ, ನಾಳೆ ಕೈಯಿಂದ ಹೋಗುವ ಮೊಟ್ಟೆಯನ್ನು ತಡೆಯುವುದಿಲ್ಲ.