ಅಘನಾಶಿನಿ ಅಳಿವೆಯಲ್ಲಿ ಹಕ್ಕಿ ನೋಡಲು ಯಾವ ಹೊತ್ತಿಗೆ ಹೋಗಬೇಕು

ಹೆಗಡೆಯವರೇ, ದಸರಾ ರಜೆಯಲ್ಲಿ ಅಷ್ಟಮಿಯ ದಿನ ಬೆಳಿಗ್ಗೆ ಏಳಕ್ಕೇ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ದಡದ ತದಡಿಯಲ್ಲಿ ನಿಂತರೂ ಬೆಳ್ಳಕ್ಕಿ, ಹದ್ದು ಬಿಟ್ಟರೆ ಏನೂ ಕಾಣಲಿಲ್ಲ ಅಂದಿರಿ. ದೀಪಾವಳಿಗೆ ಮಗಳನ್ನು ಕರೆದುಕೊಂಡು ಮತ್ತೆ ಅಲ್ಲಿಗೇ ಹೋಗಬೇಕಾ, ಇಲ್ಲ ಸೋಂದಾ ಹತ್ತಿರದ ಮುಂಡಿಗೆಕೆರೆಯೇ ಸಾಕಾ ಎಂದು ಕೇಳಿದ್ದೀರಿ. ಅಳಿವೆಗೇ ಹೋಗಿ. ಹೊತ್ತು ಮಾತ್ರ ಬದಲಿಸಿ.

ಕಾಡಿನ ಹಕ್ಕಿಗೆ, ಕೆರೆಯ ಹಕ್ಕಿಗೆ ಬೆಳಗಿನ ಜಾವ ಒಳ್ಳೆಯದು. ಅಳಿವೆಯ ಹಕ್ಕಿ ನೀರಿನ ಏರಿಳಿತ ನೋಡಿಕೊಂಡು ಬದುಕುತ್ತದೆ. ಗೊರವ, ಪ್ಲವರ್‌ಗಳಂಥ ದಡದ ಹಕ್ಕಿಗಳ ಊಟ ಇರುವುದು ಕೆಸರಿನಲ್ಲಿ: ಹುಳ, ಸಣ್ಣ ಏಡಿ, ಚಿಪ್ಪಿನ ಮರಿ. ನೀರು ಇಳಿದು ಕೆಸರು ತೆರೆದರೆ ಹಗಲಾಗಲಿ ರಾತ್ರಿಯಾಗಲಿ ಬಂದು ತಿನ್ನುತ್ತವೆ. ಉಬ್ಬರ ಬಂದು ಕೆಸರು ಮುಚ್ಚಿದರೆ ಎದ್ದು ಹೋಗಿ ಎಲ್ಲಾದರೂ ಒಣ ಜಾಗದಲ್ಲಿ ಗುಂಪಾಗಿ ಕೂರುತ್ತವೆ. ಅಷ್ಟಮಿಯ ಆಸುಪಾಸಿನಲ್ಲಿ ನಮ್ಮ ಕಡೆ ಬೆಳಿಗ್ಗೆ ಏಳಕ್ಕೆ ನೀರು ಇನ್ನೂ ತುಂಬಿಯೇ ಇರುತ್ತದೆ. ಆಮೇಲೂ ಜಾಸ್ತಿ ಇಳಿಯುವುದಿಲ್ಲ, ಏಕೆಂದರೆ ಆ ದಿನಗಳಲ್ಲಿ ಏರಿಳಿತವೇ ಸಣ್ಣದು. ನೀವು ನೋಡಿದ್ದು ಹಕ್ಕಿಗಳು ಎದ್ದು ಹೋದ ಮೇಲಿನ ಜಾಗ.

ದೀಪಾವಳಿ ಅಮಾವಾಸ್ಯೆಗೆ ಬರುತ್ತದೆ ಅಲ್ವಾ? ಇದು ನಿಮಗೆ ಅನುಕೂಲ. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ದೊಡ್ಡದು. ನಮ್ಮ ಕರಾವಳಿಯಲ್ಲಿ ಆಗ ಉಬ್ಬರ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ತುಂಬುತ್ತದೆ, ಸಂಜೆ ಹೊತ್ತಿಗೆ ಚೆನ್ನಾಗಿ ಇಳಿಯುತ್ತದೆ. ಮುಂದೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಮೊಬೈಲಿನಲ್ಲಿ ಕಾರವಾರ ಬಂದರಿನ ಉಬ್ಬರದ ಹೊತ್ತು ಸಿಗುತ್ತದೆ, ಹಿಂದಿನ ದಿನವೇ ನೋಡಿಕೊಳ್ಳಿ. ಅಳಿವೆಯ ಒಳಗೆ ನೀರು ಏರುವುದು ಬಾಯಿಯ ಹತ್ತಿರಕ್ಕಿಂತ ಸ್ವಲ್ಪ ತಡ.

ಹಾಗಾಗಿ ಕತ್ತಲಲ್ಲಿ ಎದ್ದು ಘಟ್ಟ ಇಳಿಯಬೇಕಿಲ್ಲ. ತಿಂಡಿ ಮುಗಿಸಿಯೇ ಹೊರಡಿ. ಹತ್ತು ಗಂಟೆಗೆ ಸಾಣಿಕಟ್ಟಾ ಉಪ್ಪಿನ ಆಗರದ ಹತ್ತಿರ ಇರಿ. ದೀಪಾವಳಿ ಸಮಯದಲ್ಲಿ ಅಲ್ಲಿ ಉಪ್ಪಿನ ಕೆಲಸದ ಹೊತ್ತಲ್ಲ. ಉಬ್ಬರದಲ್ಲಿ ಎದ್ದ ಹಕ್ಕಿಗಳು ಆಗರದ ಬದುಗಳ ಮೇಲೆ, ಗಜನಿ (ಉಪ್ಪುನೀರು ನುಗ್ಗುವ) ಗದ್ದೆಗಳ ಒಡ್ಡಿನ ಮೇಲೆ ಸಾಲಾಗಿ ಕೂತಿರುತ್ತವೆ. ಬದುವಿನ ಮೇಲೆ ನಡೆಯುವ ಮೊದಲು ಅಲ್ಲಿರುವವರನ್ನು ಕೇಳಿ. ಊಟ ಮುಗಿಸಿ ಎರಡರ ಹೊತ್ತಿಗೆ ತದಡಿಗೆ ಬನ್ನಿ. ನೀರು ಇಳಿಯಲು ಶುರುವಾದಾಗ ದಡದ ಹತ್ತಿರದ ಕೆಸರೇ ಮೊದಲು ತೆರೆಯುವುದು, ಹಕ್ಕಿಗಳೂ ಅಲ್ಲಿಗೇ ಮೊದಲು ಬರುತ್ತವೆ. ಪೂರ್ತಿ ಇಳಿದ ಮೇಲೆ ದೂರಕ್ಕೆ ಚದುರಿ ಹೋಗುತ್ತವೆ, ಆಗ ನಿಮ್ಮ 8x42 ಬೈನಾಕ್ಯುಲರ್‌ಗೆ ಚುಕ್ಕೆ ಮಾತ್ರ. ಆ ಮೊದಲ ಎರಡು ಗಂಟೆ ಬಿಡಬೇಡಿ. ಬೈನಾಕ್ಯುಲರ್ ಅದೇ ಸಾಕು, ಬೇರೆ ಕೊಳ್ಳಬೇಡಿ. ಬಿಸಿಲು ಬೆನ್ನಿಗೆ ಬರುವ ಹಾಗೆ ನಿಲ್ಲಿ. ಆಮೇಲೆ ದೋಣಿಯಲ್ಲಿ ಅಘನಾಶಿನಿ ಊರಿನ ಕಡೆಗೆ ದಾಟಿದರೆ ಗರುಡ ತೀರಾ ಹತ್ತಿರದಿಂದ ಕಾಣುತ್ತದೆ. ಅದೃಷ್ಟ ಇದ್ದರೆ ಬಿಳಿಹೊಟ್ಟೆಯ ಕಡಲ ಹದ್ದೂ ಸಿಗುತ್ತದೆ.

ಎಲ್ಲವೂ ಕಂದು ಬಣ್ಣ, ಗುರುತು ಹೇಗೆ ಎಂದು ಮಗಳು ಕೇಳಿದ್ದಾಳೆ. ಒಳ್ಳೆಯ ಪ್ರಶ್ನೆ. ಈ ಹೊತ್ತಿನಲ್ಲಿ ಬಣ್ಣ ನಂಬುವಂತಿಲ್ಲ. ಬೇಸಿಗೆಯ ಪುಕ್ಕ ಉದುರಿ ಚಳಿಗಾಲದ್ದು ಬರುತ್ತಿರುತ್ತದೆ. ನಡೆ ನೋಡಲು ಹೇಳಿ. ಒಂಟಿಯಾಗಿ ದಡದಲ್ಲಿ ಹಿಂಭಾಗ ಕುಣಿಸುತ್ತಾ ಓಡಾಡುವುದು ಕಾಮನ್ ಸ್ಯಾಂಡ್‌ಪೈಪರ್. ಎದೆಯ ಪಕ್ಕ, ರೆಕ್ಕೆಯ ಮುಂದೆ ಬಿಳಿ ಏರಿ ಬಂದಿರುತ್ತದೆ. ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಒಮ್ಮೆ ಕುಕ್ಕಿ ಮತ್ತೆ ಓಡುವುದು ಪ್ಲವರ್. ಹಾರುವಾಗ ರೆಕ್ಕೆಯ ಹಿಂದಿನ ಅಂಚಿನಲ್ಲಿ ಅಗಲ ಬಿಳಿ ಪಟ್ಟಿ ಕಂಡರೆ ರೆಡ್‌ಶ್ಯಾಂಕ್. ಗ್ರೀನ್‌ಶ್ಯಾಂಕ್‌ನ ಕೊಕ್ಕು ಸ್ವಲ್ಪ ಮೇಲಕ್ಕೆ ಬಾಗಿದೆ, ಕರ್ಲ್ಯೂನದ್ದು ಉದ್ದವಾಗಿ ಕೆಳಕ್ಕೆ ಬಾಗಿದೆ. ಮೊದಲ ದಿನಕ್ಕೆ ಈ ಐದು ಸಾಕು. ಗಲ್‌ಗಳೆಂಬ ಕಡಲ ಹಕ್ಕಿಗಳನ್ನು ಈಗ ಬಿಡಿ, ಅವು ದೊಡ್ಡ ಗುಂಪಾಗುವುದು ಚಳಿ ಶುರುವಾದ ಮೇಲೆ.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಫೋಟೋಗೆಂದು ಕೂತ ಗುಂಪನ್ನು ಎಬ್ಬಿಸಬೇಡಿ. ಟಿಬೆಟ್, ಸೈಬೀರಿಯಾ ಕಡೆಯಿಂದ ಹಾರಿ ಬಂದವು ಅವು. ಉಬ್ಬರದ ಆ ಮೂರು ನಾಲ್ಕು ತಾಸು ಅವುಗಳಿಗೆ ವಿಶ್ರಾಂತಿ, ಒಮ್ಮೆ ಎಬ್ಬಿಸಿದರೆ ತಿಂದು ಕೂಡಿಟ್ಟ ಕೊಬ್ಬು ಖರ್ಚಾಗುತ್ತದೆ. ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದೆ, 4,801 ಹೆಕ್ಟೇರ್. ಪಟ್ಟಿಗೆ ಸೇರಿದ್ದರಿಂದ ಹಕ್ಕಿಗೆ ನೆಮ್ಮದಿ ಸಿಗುವುದಿಲ್ಲ, ನೋಡಲು ಹೋಗುವ ನಾವು ದೂರ ನಿಲ್ಲಬೇಕು. ಕೆಸರಿಗೂ ಇಳಿಯಬೇಡಿ, ಕಾಲು ಹೂತರೆ ಎತ್ತುವುದು ಕಷ್ಟ. ಬೆಳಚು (ಕೆಸರಿನ ಚಿಪ್ಪುಜೀವಿ) ಹೆಕ್ಕುವವರು ಎಲ್ಲಿ ನಡೆಯುತ್ತಾರೆ ನೋಡಿ, ಅವರಿಗೆ ನೆಲ ಗೊತ್ತು, ನಮಗೆ ಗೊತ್ತಿಲ್ಲ.

ಮುಂಡಿಗೆಕೆರೆಗೆ ಮುಂದಿನ ಮಳೆಗಾಲ ಹೋಗಿ. ಬೆಳ್ಳಕ್ಕಿಗಳು ಅಲ್ಲಿ ಗೂಡು ಕಟ್ಟುವುದು ಮಳೆಯಲ್ಲಿ, ದೀಪಾವಳಿ ಹೊತ್ತಿಗೆ ಮರಿಗಳೆಲ್ಲ ಹಾರಿ ಕೆರೆ ಖಾಲಿಯಾಗುತ್ತಿರುತ್ತದೆ. ಮುಂಡಗೋಡ ಹತ್ತಿರದ ಅತ್ತಿವೇರಿ ಪಕ್ಷಿಧಾಮಕ್ಕೆ ಇನ್ನೂ ಸ್ವಲ್ಪ ಕಾಯಿರಿ, ಅಣೆಕಟ್ಟಿನ ನೀರು ಇಳಿದು ಅಂಚು ತೆರೆಯಲಿ.

ಹೊರಡುವ ಮೊದಲು ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದ ರಸ್ತೆ ತೆರೆದಿದೆಯಾ ಎಂದು ಕೇಳಿಕೊಳ್ಳಿ. ದೀಪಾವಳಿ ಅಕ್ಟೋಬರಿನಲ್ಲೇ ಬಂದರೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು, ಕೊಡೆ ಇಟ್ಟುಕೊಳ್ಳಿ. ಟೋಪಿ, ನೀರು ಮರೆಯಬೇಡಿ, ಆಗರದಲ್ಲಿ ನೆರಳಿಲ್ಲ.