ಇನ್ನೂರು ವರ್ಷದ ಮಹಿಳಾ ಸಂಘ

ಪ್ರಶ್ನೆ: ಅಕ್ಕಾ, ನಮ್ಮ ಮಹಿಳಾ ಸಂಘಕ್ಕೆ ಈ ವರ್ಷ ಹತ್ತು ತುಂಬುತ್ತೆ. ಅಮೆರಿಕದಲ್ಲಿ ಯಹೂದಿ ಹೆಂಗಸರ ಸಂಘವೊಂದು ಇನ್ನೂರು ವರ್ಷ ದಾಟಿದೆ ಅಂತ ಮಗಳು ಹೇಳಿದಳು. ನಿಜವಾ? ಏನು ಮಾಡುತ್ತಿದ್ದರು ಅವರು?
– ಓದುಗಿ, ಹೊಸನಗರ

ಉತ್ತರ: ನಿಜ ಕಣ್ರೀ. ಊರು ಫಿಲಡೆಲ್ಫಿಯಾ. ಫೀಮೇಲ್ ಹೀಬ್ರೂ ಬೆನೆವಲೆಂಟ್ ಸೊಸೈಟಿ ಅಂತ ಹೆಸರು, ಶುರುವಾಗಿದ್ದು 1819ರಲ್ಲಿ. ಮಿಕ್ವೆ ಇಸ್ರೇಲ್ ಎಂಬ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಿದ್ದ ಹೆಂಗಸರು ಕಟ್ಟಿದ್ದು. ಆದರೆ ಮಂದಿರದ ಗಂಡಸರ ಕೈಗೆ ಕೊಡಲಿಲ್ಲ. ದುಡ್ಡು, ಲೆಕ್ಕ, ತೀರ್ಮಾನ ಎಲ್ಲ ತಮ್ಮದೇ.

ಮುಂದೆ ನಿಂತವರು ರೆಬೆಕಾ ಗ್ರಾಟ್ಜ್. ವ್ಯಾಪಾರಸ್ಥರ ಮನೆಯ ಮಗಳು, ಮದುವೆಯಾಗಲಿಲ್ಲ. ಆಗ ವಯಸ್ಸು 38. ದಶಕಗಟ್ಟಲೆ ಸಂಘದ ಕಾರ್ಯದರ್ಶಿಯಾಗಿ ದುಡಿದರು. ನಮ್ಮಲ್ಲಿ ಅಧ್ಯಕ್ಷರ ಕುರ್ಚಿಗೆ ಪೈಪೋಟಿ, ನಡಾವಳಿ ಬರೀರಿ ಅಂದರೆ ಒಬ್ಬರ ಮುಖ ಒಬ್ಬರು ನೋಡ್ತೀವಿ, ಅಲ್ವಾ?

ಊರನ್ನು ಭಾಗ ಮಾಡಿಕೊಂಡು, ಒಂದೊಂದು ಭಾಗಕ್ಕೆ ಒಬ್ಬರನ್ನು ಇಟ್ಟಿದ್ದರು. ಸಹಾಯ ಕೇಳಿದವರ ಮನೆಗೆ ಅವರೇ ಹೋಗಿ ನೋಡಬೇಕು. ಒಲೆ ಉರಿಯುತ್ತಿದೆಯಾ, ಮಕ್ಕಳ ಮೈಮೇಲೆ ಬಟ್ಟೆ ಇದೆಯಾ ಅನ್ನೋದು ಹೊಸ್ತಿಲು ದಾಟಿದರೆ ತಾನೇ ಗೊತ್ತಾಗೋದು. ಆಮೇಲೆ ಊಟದ ಸಾಮಾನು, ಬಟ್ಟೆ, ಉರುವಲು. ಚಳಿಗಾಲದಲ್ಲಿ ಹಿಮ ಬೀಳುವ ಊರು ಅದು. ಆಷಾಢದ ಮಳೆಯಲ್ಲಿ ಒಣ ಸೌದೆ ಖಾಲಿಯಾದ ಮನೆ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಯಹೂದಿಗಳಿಗೇ ಬೇರೆ ಸಂಘ ಯಾಕೆ ಅಂತ ನೀವು ಕೇಳಬಹುದು. ಅದಕ್ಕೂ ಮುಂಚೆ, 1801ರಲ್ಲಿ, ಕಷ್ಟಕ್ಕೆ ಬಿದ್ದ ಹೆಂಗಸರು ಮಕ್ಕಳಿಗಾಗಿ ಯಹೂದಿ, ಕ್ರೈಸ್ತ ಹೆಂಗಸರು ಸೇರಿ ಕಟ್ಟಿದ ಇನ್ನೊಂದು ಸಂಘ ಇತ್ತು. ಅದರಲ್ಲೂ ರೆಬೆಕಾ ಇದ್ದರು. 1815ರಲ್ಲಿ ಶುರುವಾದ ಊರಿನ ಅನಾಥಾಲಯವನ್ನು ಕಟ್ಟಿದವರಲ್ಲೂ ಇದ್ದರು. ಹಾಗಾಗಿ ಮಡಿವಂತಿಕೆಯ ಮಾತಲ್ಲ ಇದು. ಆ ಕಾಲದಲ್ಲಿ ಕೆಲವು ಕ್ರೈಸ್ತ ಪ್ರಚಾರಕರು ಬಡವರಿಗೆ ಸಹಾಯದ ಜೊತೆ ಮತಾಂತರದ ಬೋಧನೆಯನ್ನೂ ಕೊಡುತ್ತಿದ್ದರು. ಹೊಟ್ಟೆಗಾಗಿ ಧರ್ಮ ಬಿಡುವ ಹಾಗಾಗಬಾರದು ಅನ್ನೋದು ರೆಬೆಕಾ ಕಾಳಜಿ. ನನಗಂತೂ ಅದು ಸರಿ ಅನ್ನಿಸುತ್ತೆ.

1838ರಲ್ಲಿ ಮಕ್ಕಳಿಗೆ ಭಾನುವಾರದ ಧರ್ಮಪಾಠ ಶಾಲೆ ತೆಗೆದರು. 1855ರಲ್ಲಿ ಮಕ್ಕಳ ಆಶ್ರಯಧಾಮ. ರೆಬೆಕಾ ತೀರಿಕೊಂಡಿದ್ದು 1869ರಲ್ಲಿ, ಸಂಘ ಮುಂದುವರಿಯಿತು.

ಅಂದಹಾಗೆ, ನಿಮ್ಮ ಸಂಘದ ಹಳೇ ನಡಾವಳಿ ಪುಸ್ತಕಗಳು ಯಾರ ಮನೆಯಲ್ಲಿವೆ? ನಮ್ಮ ಕಡೆಯ ತೇವಕ್ಕೆ ಬೂಷ್ಟು ಹಿಡಿಯೋದು ಬೇಗ. ಶಾಮಿಯಾನದವರಿಗೆ ಹೇಳುವ ಮುಂಚೆ ಅವನ್ನೊಮ್ಮೆ ಬಿಸಿಲಿಗೆ ಹಾಕಿ.